ಹಸಿದು ಬರುವ ಶಾಲೆ ಮಕ್ಕಳಿಗೆ ನಮ್ಮ ಬೇಕರಿಯಿಂದ ಏನು ಕೊಡಬಹುದು? ಅನುಭವ ಇದ್ದವರು ಹೇಳಿ

ಕೇಳಿದವರು: ಬೇಕರಿ ಮಾಲೀಕರು, ವಿಜಯನಗರ, ಬೆಂಗಳೂರು

ನಮ್ಮದೊಂದು ಸಣ್ಣ ಬೇಕರಿ. ಹತ್ತಿರದ ಸರ್ಕಾರಿ ಶಾಲೆ ಮಕ್ಕಳು ದಿನಾ ಅಂಗಡಿ ಮುಂದೆಯೇ ಹೋಗುತ್ತಾರೆ. ಅವರಲ್ಲಿ ಎಷ್ಟೋ ಮಂದಿ ತಿಂಡಿ ತಿನ್ನದೆ ಬರುತ್ತಾರೆ ಅಂತ ಅಲ್ಲಿನ ಮೇಷ್ಟ್ರು ಹೇಳಿದರು. ತಿಂಗಳಿಗೊಮ್ಮೆ ಊಟ ಹಾಕಿಸೋಣವೇ? ರಾತ್ರಿ ಉಳಿದ ಬನ್ನು ಕಳಿಸೋಣವೇ? ಇಲ್ಲ ಗಲ್ಲಾ ಪಕ್ಕ ಡಬ್ಬಿ ಇಟ್ಟು, ಗಿರಾಕಿಗಳಿಂದಲೂ ಸೇರಿಸಿ ಯಾವುದಾದರೂ ಸಂಸ್ಥೆಗೆ ಕೊಡೋಣವೇ? ಮಾಡಿ ನೋಡಿದವರು ತಿಳಿಸಿ.

ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ

ಸರ್, ಮಧ್ಯಾಹ್ನದ ಊಟದ ಯೋಚನೆ ಮೊದಲು ಬಿಡಿ. ಹತ್ತನೇ ತರಗತಿವರೆಗೆ ಬಿಸಿಯೂಟ ಇದ್ದೇ ಇದೆ. ಬೆಂಗಳೂರಿನ ಎಷ್ಟೋ ಶಾಲೆಗಳಿಗೆ ಅಕ್ಷಯ ಪಾತ್ರ, ಅದಮ್ಯ ಚೇತನದಂಥ ಸಂಸ್ಥೆಗಳ ಅಡುಗೆಮನೆಯಿಂದ ಸ್ಟೀಲ್ ಡಬ್ಬಗಳಲ್ಲಿ ಬರುತ್ತದೆ. ಅವತ್ತೇ ಯಾರೋ ಮಗನ ಬರ್ತ್‌ಡೇ ಅಂತ ಪುಳಿಯೋಗರೆ ತಂದರೆ ಬಂದ ಅನ್ನ ಸಾಂಬಾರ್ ಹಾಗೇ ಉಳಿಯುತ್ತದೆ. ವಿಶೇಷ ದಿನದಲ್ಲಿ ದಾನಿಗಳು ಊಟ ಕೊಡುವುದಕ್ಕೆ ಬಿಸಿಯೂಟದ ಕೇಂದ್ರ ಯೋಜನೆ ಪಿಎಂ ಪೋಷಣ್‌ನಲ್ಲೇ ‘ತಿಥಿ ಭೋಜನ’ ಅಂತ ಅವಕಾಶ ಇದೆ. ಆದರೆ ಹೆಡ್‌ಮಾಸ್ಟರ್‌ಗೆ ಮುಂಚೆ ಹೇಳಬೇಕು, ಅವರು ಅಡುಗೆಮನೆಗೆ ತಿಳಿಸಬೇಕು.

ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಇದೆ, 2013ರಿಂದ. 2024ರಿಂದ ವಾರದ ಕೆಲವು ದಿನ ಅದರ ಜೊತೆ ರಾಗಿ ಮಾಲ್ಟ್. ಅಷ್ಟಿದ್ದರೂ ಪ್ರಾರ್ಥನೆ ಹೊತ್ತಿಗೆ ತಲೆ ಸುತ್ತಿ ಕೂತುಬಿಡುವ ಮಕ್ಕಳಿದ್ದಾರೆ. ಅಪ್ಪ ಗಾರೆ ಕೆಲಸಕ್ಕೆ, ಅಮ್ಮ ಮನೆಕೆಲಸಕ್ಕೆ ಬೆಳಿಗ್ಗೆ ಆರಕ್ಕೇ ಹೊರಟಿರುತ್ತಾರೆ. ‘ಏನು ತಿಂದೆ?’ ಅಂದರೆ ‘ಟೀ ಕುಡಿದೆ ಮಿಸ್’ ಅನ್ನುತ್ತಾರೆ.

ಯಾರೂ ನೋಡದ ಇನ್ನೊಂದು ಹೊತ್ತು ಸಂಜೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಶೇಷ ತರಗತಿ ಇಟ್ಟುಕೊಂಡಿರುತ್ತೇವೆ. ಮಧ್ಯಾಹ್ನ ಉಂಡವರು ಆರು ಗಂಟೆವರೆಗೆ ಏನೂ ತಿನ್ನದೆ ಕೂತಿರಬೇಕು. ಐದು ಗಂಟೆಗೆ ತ್ರಿಕೋನಮಿತಿ ಹೇಳಿದರೆ ಯಾರ ತಲೆಗೆ ಹೋಗುತ್ತದೆ ಹೇಳಿ! ಬೇಕರಿಯವರಿಗೆ ಒಪ್ಪುವ ಹೊತ್ತು ಅಂದರೆ ಇದೇ, ಅಲ್ವಾ?

ದರ್ಶಿನಿ ನಡೆಸುವವರು, ಬಸವನಗುಡಿ ಕಡೆ

ಮೇಡಂ ಹೇಳಿದ್ದು ಸರಿ. ನಾವು ಒಂದು ಶಾಲೆಗೆ ಬೆಳಿಗ್ಗೆ ತಿಂಡಿ ಕೊಡುತ್ತೇವೆ. ಶುರುವಿನಲ್ಲಿ ಹೋಟೆಲ್ ಉಪ್ಪಿಟ್ಟನ್ನೇ ಕಳಿಸುತ್ತಿದ್ದೆವು. ಒಂದು ದಿನ ನಾನೇ ಹೋಗಿ ನೋಡಿದರೆ ಕಾಂಪೌಂಡ್ ಗೋಡೆ ಮೇಲೆ ಹಸಿಮೆಣಸಿನಕಾಯಿ ಚೂರುಗಳು ಸಾಲಾಗಿ ಕೂತಿದ್ದವು. ದೊಡ್ಡ ಮಕ್ಕಳು ಅದನ್ನು ಆರಿಸಿಟ್ಟು ತಿನ್ನುತ್ತಿದ್ದರು. ಒಂದನೇ ಕ್ಲಾಸಿನವರು ಅಷ್ಟು ತಾಳ್ಮೆ ಎಲ್ಲಿಂದ ತರುತ್ತಾರೆ, ತಟ್ಟೆಯನ್ನೇ ಪಕ್ಕಕ್ಕೆ ತಳ್ಳಿದ್ದರು. ಈಗ ಅವರ ಪಾತ್ರೆಗೆ ಶುಂಠಿ, ಕ್ಯಾರೆಟ್, ಬಟಾಣಿ ಮಾತ್ರ. ನೀವೂ ತಿನ್ನುವಾಗ ಒಮ್ಮೆ ಹೋಗಿ ನಿಂತು ನೋಡಿ. ಹೆಡ್‌ಮಾಸ್ಟರ್‌ರನ್ನು ಕೇಳಿದರೆ ಸಂಕೋಚಕ್ಕೆ ‘ಚೆನ್ನಾಗಿತ್ತು ಸರ್’ ಅಂತಲೇ ಅನ್ನುತ್ತಾರೆ.

ರಾತ್ರಿ ಉಳಿದದ್ದು ಶಾಲೆಗೆ ಬೇಡವೇ ಬೇಡ. ಉಳಿದ ಆಹಾರ ಹಂಚುವುದಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2019ರ ನಿಯಮವೇ ಬೇರೆ ಇದೆ. ಅದನ್ನು ಪಾಲಿಸುವ ಸಂಸ್ಥೆಗಳಿಗೆ ಬೇಕಾದರೆ ಕೊಡಿ. ಕ್ರೀಮ್ ಬನ್, ಪಲ್ಯ ತುಂಬಿದ ಬನ್ನು ಮಕ್ಕಳ ಹತ್ತಿರ ಸುಳಿಯಬಾರದು. ಅನ್ನದ ಐಟಂ ಇನ್ನೂ ಮೋಸ. ಬೆಚ್ಚಗೆ ಹಾಗೇ ಬಿಟ್ಟ ಅನ್ನದಲ್ಲಿ ಒಂದು ಬ್ಯಾಕ್ಟೀರಿಯಾ ವಿಷ ಮಾಡುತ್ತದೆ, ಮತ್ತೆ ಕುದಿಸಿದರೂ ಅದು ಹೋಗುವುದಿಲ್ಲ. ಬಿಸಿ ತಿಂಡಿ 60 ಡಿಗ್ರಿಗಿಂತ ಕೆಳಗೆ ಇಳಿಯುವ ಮೊದಲೇ ತಟ್ಟೆಗೆ ಬೀಳಬೇಕು. ಬಿಸಿಯೂಟವನ್ನು ಶಿಕ್ಷಕರು ಮೊದಲು ರುಚಿ ನೋಡಿಯೇ ಬಡಿಸಬೇಕು ಅಂತ ನಿಯಮ ಇದೆ. ನಿಮ್ಮ ಬನ್ನಿಗೂ ಅದನ್ನೇ ಮಾಡಿಸಿ.

ಇನ್ನೊಂದು ಮಾತು. ಹಾಜರಾತಿ ದಿನಾ ಒಂದೇ ಇರುವುದಿಲ್ಲ. ಸೋಮವಾರ ಕಮ್ಮಿ. ಹಬ್ಬ ಮುಗಿದ ಮೇಲಂತೂ ಯಾದಗಿರಿ, ರಾಯಚೂರು ಕಡೆಗೆ ಊರಿಗೆ ಹೋದ ಮಕ್ಕಳು ಬರುವುದೇ ತಡ. ಎಷ್ಟು ತಲೆ ಅಂತ ಶಾಲೆಯಿಂದ ವಾಟ್ಸಾಪ್‌ನಲ್ಲಿ ತರಿಸಿಕೊಂಡ ಮೇಲೇ ಒಲೆ ಹಚ್ಚಿ.

ಒಬ್ಬರು ಓದುಗರು

ಸರ್ಕಾರ ಮಾಡಬೇಕಾದ ಕೆಲಸ ಬೇಕರಿಯವರು ಯಾಕೆ ಮಾಡಬೇಕು?

ದರ್ಶಿನಿ ನಡೆಸುವವರು

ಅಕ್ಷಯ ಪಾತ್ರ 2000ದಲ್ಲಿ ಶುರುವಾದಾಗ ಇದೇ ಬೆಂಗಳೂರಿನ 5 ಶಾಲೆ, 1,500 ಮಕ್ಕಳು. ಬೇಯಿಸಿದ ಊಟ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದ್ದು 2001ರ ನವೆಂಬರ್‌ನಲ್ಲಿ. ನಮ್ಮಲ್ಲಿ ಸರ್ಕಾರದ ಬಿಸಿಯೂಟ ಯೋಜನೆ ಅಕ್ಷರ ದಾಸೋಹ ಬಂದದ್ದು 2002ರಲ್ಲಿ, ಅದೂ ಮೊದಲು ರಾಜ್ಯದ ಈಶಾನ್ಯದ ಜಿಲ್ಲೆಗಳಿಗೆ. ಸರ್ಕಾರವನ್ನು ಕೇಳೋಣ ಸ್ವಾಮಿ, ಅಲ್ಲಿವರೆಗೆ ಮಗು ಸುಮ್ನೆ ಕಾಯಬೇಕಾ?

ಲೆಕ್ಕಪತ್ರ ನೋಡುವವರು

ಕೊಟ್ಟ ಬನ್ನಿಗೆ 80ಜಿ, ಅಂದರೆ ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ, ಸಿಗುವುದಿಲ್ಲ. 80ಜಿ ನೋಂದಣಿ ಇರುವ ಸಂಸ್ಥೆಗೆ ಹಣ ಕೊಟ್ಟರೆ ಮಾತ್ರ. ನಗದು 2,000 ರೂಪಾಯಿ ದಾಟಿದರೆ ಅದಕ್ಕೂ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಇದನ್ನೆಲ್ಲ ಮರೆತುಬಿಡಿ. ಡಬ್ಬಿಗೆ ಗಿರಾಕಿಗಳು ಹಾಕಿದ ದುಡ್ಡಿಗೆ ನಿಮ್ಮ ಹೆಸರಲ್ಲಿ ರಸೀದಿ ಮಾಡಿಸಬೇಡಿ, ಅದು ನಿಮ್ಮ ದಾನವಲ್ಲ.

ಗಿರಾಕಿಯಾಗಿ ಒಂದು ಮಾತು

ನಮ್ಮ ಬೀದಿಯ ಒಂದು ಅಂಗಡಿಯಲ್ಲಿ ಇಂಥ ಡಬ್ಬಿ ಇತ್ತು. ದುಡ್ಡು ಯಾವ ಶಾಲೆಗೆ ಹೋಗುತ್ತದೆ ಅಂತ ಕೇಳಿದರೆ ಗಲ್ಲಾದ ಹುಡುಗ ‘ಓನರ್ ಕೇಳಿ ಸಾರ್’ ಅಂದ. ಆಮೇಲೆ ಹಾಕುವ ಮನಸ್ಸೇ ಬರಲಿಲ್ಲ. ಡಬ್ಬಿ ಬೇಡ. ‘ಈ ತಿಂಗಳು ಇಂಥ ಶಾಲೆಗೆ ಇಷ್ಟು ಬನ್ನು’ ಅಂತ ಗಾಜಿನ ಮೇಲೆ ಒಂದು ಚೀಟಿ ಅಂಟಿಸಿ, ಸಾಕು. ಮಕ್ಕಳ ಕೈಗೆ ಬನ್ನು ಕೊಟ್ಟು ಸಾಲಾಗಿ ನಿಲ್ಲಿಸಿ ಫೋಟೊ ಮಾತ್ರ ತೆಗೆಯಬೇಡಿ. ಆ ಮಕ್ಕಳ ಅಪ್ಪ ಅಮ್ಮಂದಿರೂ ನಿಮ್ಮ ಗಿರಾಕಿಗಳೇ.

ಬೇಕರಿ ಮಾಲೀಕರು

ಎಲ್ಲರಿಗೂ ಥ್ಯಾಂಕ್ಸ್. ಡಬ್ಬಿ ಕೈಬಿಟ್ಟೆ. ಸಂಜೆ ತರಗತಿಗೆ ಪರೀಕ್ಷೆ ಮುಗಿಯುವವರೆಗೆ ನಮ್ಮ ಖರ್ಚಿನಲ್ಲೇ ಕೊಡುತ್ತೇವೆ. ಮಧ್ಯಾಹ್ನ ಮೂರರ ಟ್ರೇ ಒಲೆಯಿಂದ ಇಳಿದ ತಕ್ಷಣ ಕಳಿಸಬಹುದು. ಮೇಡಂ, ದಿನಾ ಖಾರ ಬನ್ನೇ ಆದರೆ ನಡೆಯುತ್ತದಾ?

ಶಿಕ್ಷಕಿ

ಮೈದಾ ಸರ್, ಹೊಟ್ಟೆ ತುಂಬುತ್ತದೆ ಅಷ್ಟೇ. ವಾರಕ್ಕೆ ಎರಡು ದಿನ ಕಡಲೆಕಾಳು ಉಸ್ಲಿ ಇಲ್ಲವೇ ಕಡಲೆಬೀಜದ ಚಿಕ್ಕಿ ಮಾಡಿ. ಕೇಕ್ ಬೇಡ, ಮೊಟ್ಟೆ ತಿನ್ನದ ಮನೆಯ ಮಕ್ಕಳೂ ಇರುತ್ತಾರೆ. ಹೆಡ್‌ಮಾಸ್ಟರ್ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಇಬ್ಬರಿಗೂ ಒಂದು ಪತ್ರ ಕೊಡಿ, ನಾಳೆ ಯಾರೂ ಕೇಳುವ ಹಾಗಿರುವುದಿಲ್ಲ. ಸಾಧ್ಯವಾದರೆ ಒಂದು ಕ್ಯಾನ್ ಕುಡಿಯುವ ನೀರೂ ಸೇರಿಸಿ. ನಮ್ಮಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಫಿಲ್ಟರ್ ಖಾಲಿ.