ಸಹಾಯ ಬೇಕು: ‘ರನ್’ ಕ್ರಿಯಾಪದವನ್ನು ಮಕ್ಕಳಿಗೆ ಹೇಗೆ ಕಲಿಸಲಿ?

ಎಲ್ಲರಿಗೂ ನಮಸ್ಕಾರ. ಶಿರಸಿ ಸಮೀಪದ ಹಳ್ಳಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಸಂಜೆ ಇಂಗ್ಲಿಷ್ ಹೇಳಿಕೊಡುತ್ತೇನೆ. ದೊಡ್ಡ ಪದಗಳನ್ನು ಅವರು ಹೇಗೋ ನೆನಪಿಟ್ಟುಕೊಳ್ಳುತ್ತಾರೆ. ತಡವರಿಸುವುದು ‘ರನ್’ನಂಥ ಪುಟ್ಟ ಕ್ರಿಯಾಪದದಲ್ಲಿ. ‘ಓಡು’ ಎಂದಷ್ಟೇ ಕಲಿತವರಿಗೆ ಮೂಗು ಸೋರುವುದೂ ರನ್, ಅಂಗಡಿ ನಡೆಸುವುದೂ ರನ್, ತೊಳೆದ ಬಟ್ಟೆ ಬಣ್ಣ ಬಿಡುವುದೂ ರನ್ ಎಂದರೆ ಕಂಗಾಲಾಗುತ್ತಾರೆ. ಮನೆಯಲ್ಲಿ ಅಕ್ಕಿ ತೀರಿದರೆ ರನ್ ಔಟ್, ಪೇಟೆಯಲ್ಲಿ ಪರಿಚಿತರು ಎದುರಾದರೆ ರನ್ ಇನ್‌ಟು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ‘ಸೆಟ್’ನದಾಗಿತ್ತು, ಆಮೇಲಿನ ಪರಿಷ್ಕರಣೆಯಲ್ಲಿ 645 ಅರ್ಥಗಳ ‘ರನ್’ ಅದನ್ನು ಹಿಂದಿಕ್ಕಿತು.

ಕನ್ನಡದಲ್ಲಿ ಇದೇ ಮಕ್ಕಳು ಎಷ್ಟು ಸಲೀಸು! ಗಂಟೆ ಹೊಡೆಯುತ್ತದೆ, ಗೋಡೆಗೆ ಬಣ್ಣ ಹೊಡೆಯುತ್ತಾರೆ, ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಔಷಧ ಹೊಡೆಯುತ್ತಾರೆ, ಜಗಲಿಯಲ್ಲಿ ಹರಟೆ ಹೊಡೆಯುತ್ತಾರೆ. ಯಾರಿಗೂ ಗೊಂದಲವಿಲ್ಲ, ಏಕೆಂದರೆ ಜೊತೆಗಿರುವ ಪದವೇ ಅರ್ಥ ಹೇಳುತ್ತದೆ. ಇಂಗ್ಲಿಷನ್ನೂ ಹೀಗೆಯೇ ಕಲಿಸಬೇಕೆಂಬುದು ನನ್ನ ಆಸೆ. ಪಟ್ಟಿ ಕೊಟ್ಟು ಉರು ಹೊಡೆಸುವುದಕ್ಕೆ ಮನಸ್ಸು ಒಪ್ಪುವುದಿಲ್ಲ.

ಆದ್ದರಿಂದ ನಮ್ಮ ಊರಿನ ಸುತ್ತಮುತ್ತಲಿನ ವಾಕ್ಯಗಳು ಬೇಕು. ಅಘನಾಶಿನಿ ಕಡಲಿನತ್ತ ಹರಿಯುವುದು, ಕುಮಟಾ ರಸ್ತೆ ದೇವಿಮನೆ ಘಟ್ಟದಲ್ಲಿ ಹಾದುಹೋಗುವುದು, ಎರಡಕ್ಕೂ ‘ರನ್’ ಸಲ್ಲುತ್ತದೆ. ಇಂಥವು ಹೊಳೆದರೆ ದಯವಿಟ್ಟು ಬರೆಯಿರಿ.

ಅನುಭವಿ ಶಿಕ್ಷಕರಲ್ಲಿ ಇನ್ನೊಂದು ಪ್ರಶ್ನೆ: ‘ಎಡೆಬಿಡದೆ ಸಾಗುವುದು’ ಎಂಬ ಮೂಲಭಾವದಿಂದ ಹೊರಟು ಉಳಿದ ಅರ್ಥಗಳಿಗೆ ಹೋಗುವುದು ಒಳ್ಳೆಯದೇ? ಔಟ್, ಇನ್‌ಟು ಸೇರಿದ ರೂಪಗಳನ್ನು ಪ್ರತ್ಯೇಕ ಪದಗಳೆಂದೇ ಕಲಿಸಬೇಕೆ?