ಅಪ್‌ಡೇಟ್: ಒಮ್ಮೆ ಒತ್ತಿದರೆ ಎರಡು ಸಲ ಕ್ಲಿಕ್ ಆಗುತ್ತಿದ್ದ ಮೌಸ್

ಏಳು ವರ್ಷ ಹಳೆಯ ಆಪ್ಟಿಕಲ್ ಮೌಸ್ ಒಂದು ಕ್ಲಿಕ್ಕನ್ನು ಎರಡಾಗಿಸುತ್ತಿದೆ, ಪರದೆಯ ಮೇಲಿನ ಬಾಣವೂ ಜಿಗಿಯುತ್ತಿದೆ, ಏನು ಮಾಡಲಿ ಎಂದು ಮಳೆಗಾಲದಲ್ಲಿ ಇಲ್ಲಿ ಕೇಳಿದ್ದೆ. ಬಹುತೇಕರು ಎಸೆಯಿರಿ ಎಂದಿದ್ದಿರಿ. ಎಸೆಯಲಿಲ್ಲ.

ಇವು ಎರಡು ಬೇರೆ ಬೇರೆ ಕಾಯಿಲೆಗಳು. ಬಾಣ ಜಿಗಿಯುತ್ತಿದ್ದುದು ಮೇಜಿನ ಗಾಜಿನಿಂದ. ಮೌಸಿನ ಹೊಟ್ಟೆಯಲ್ಲಿರುವ ಪುಟ್ಟ ಕ್ಯಾಮೆರಾ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದು, ಒಂದನ್ನೊಂದು ಹೋಲಿಸಿ ಚಲನೆ ಲೆಕ್ಕ ಹಾಕುತ್ತದೆ. ನುಣುಪಾದ ಗಾಜಿನಲ್ಲಿ ಅದಕ್ಕೆ ಗುರುತು ಸಿಗುವುದಿಲ್ಲ. ಹಳೆಯ ಕ್ಯಾಲೆಂಡರಿನ ರಟ್ಟು ಹಾಸಿದೆ, ಜಿಗಿತ ನಿಂತಿತು.

ಕ್ಲಿಕ್ಕಿನದು ಹಟಮಾರಿ ರೋಗ. ಗುಂಡಿಯ ಕೆಳಗಿನ ಸ್ವಿಚ್ಚಿನೊಳಗೆ ತೆಳುವಾದ ಲೋಹದ ಎಸಳಿರುತ್ತದೆ. ಸವೆದೋ ಕಿಲುಬು ಹಿಡಿದೋ ಅದು ಸರಿಯಾಗಿ ತಾಗದೆ ಅದುರುತ್ತದೆ. ಕಾರವಾರದ ಉಪ್ಪುಗಾಳಿಯ ಮೇಲೆ ನನಗೆ ಅನುಮಾನವಿದೆ, ನಮ್ಮ ಮನೆಯ ಕಿಟಕಿಯ ಸರಳುಗಳನ್ನೇ ಅದು ಬಿಟ್ಟಿಲ್ಲ. ಪೇಟೆಯ ರಿಪೇರಿ ಹುಡುಗ ಒಂದು ಉಪಾಯ ಮಾಡಿದ: ಎಡ, ಬಲ ಸ್ವಿಚ್ಚುಗಳು ಒಂದೇ ಬಗೆಯವು ಎಂದು ಬೆಸುಗೆ ಬಿಡಿಸಿ ಅದಲುಬದಲು ಮಾಡಿದ. ಬಲಗುಂಡಿಯನ್ನು ಒತ್ತುವುದೇ ಕಡಿಮೆಯಲ್ಲವೇ!

ನಾಲ್ಕು ತಿಂಗಳಾಯಿತು, ಎಡಗಡೆ ತೊಂದರೆಯಿಲ್ಲ. ಬಲಗಡೆ ಆಗಾಗ ಅದುರುತ್ತದೆ, ಸಹಿಸಿಕೊಂಡಿದ್ದೇನೆ. ಚಕ್ರ ಮಾತ್ರ ಈಗಲೂ ಕಿರುಗುಟ್ಟುತ್ತಿದೆ.