63 ಡಿಗ್ರಿಗೆ 30 ನಿಮಿಷ ಕಾಯಿಸಿದ ಹಾಲಿನಲ್ಲೂ ಇ. ಕೋಲೈ: ಜೀನಿನ ಕಾರಣವೇ?

ಹುಮನಾಬಾದ್, ಡೈರಿ ಘಟಕ:
ನಮಸ್ಕಾರ್ರಿ. ಹಾಲು ಕಾಯಿಸೋ 500 ಲೀಟರ್ ಬ್ಯಾಚ್ ವ್ಯಾಟ್ (ತೊಟ್ಟಿ) ಅದ. 63 ಡಿಗ್ರಿ, 30 ನಿಮಿಷ. ತಾಪಮಾನದ ಚಾರ್ಟ್ ಸರಿ ಅದ, ಫಾಸ್ಫಟೇಸ್ (ಸರಿಯಾಗಿ ಕಾಯಿಸಿದ್ರ ನಾಶ ಆಗೋ ಹಾಲಿನ ಕಿಣ್ವ) ನೆಗೆಟಿವ್. ಆದ್ರೂ ಏಪ್ರಿಲ್‌ನಿಂದ ಮಿ.ಲೀ.ಗೆ 20ರಿಂದ 40 ಕೋಲಿಫಾರ್ಮ್ (ಇ. ಕೋಲೈ ಸೇರಿದ ಬ್ಯಾಕ್ಟೀರಿಯಾ ಗುಂಪು) ಬರ್ತಾವ. ಇ. ಕೋಲೈ ಅಂತ ಖಾತ್ರಿ ಆಗ್ಯದ. ಶಾಖ ತಡಿಯೋ ಜೀನ್ ಇರೋ ತಳಿ ಇರಬಹುದಾ?

ಕಲಬುರಗಿ, ಲ್ಯಾಬ್:
ಜೀನಿನ ಮಾತು ಆಮೇಲೆ, ಮೊದಲು ಹಾಲು ಹೊರಬರುವ ವಾಲ್ವ್ ನೋಡ್ರಿ. ಫಾಸ್ಫಟೇಸ್ ನೆಗೆಟಿವ್ ಅಂದರೆ ಹಾಲು ಸರಿಯಾಗಿ ಕಾದಿದೆ ಎಂದಷ್ಟೇ. ಕಾದ ಮೇಲೆ ಏನು ಸೇರಿತು ಅನ್ನೋದು ಅದರಿಂದ ತಿಳಿಯಲ್ಲ. 30ನೇ ನಿಮಿಷಕ್ಕೆ, ತಂಪು ಮಾಡುವ ಮೊದಲೇ, ಸ್ಟೆರೈಲ್ ಸೌಟಿನಿಂದ ಮೇಲಿನ ಹಾಲು ತೆಗೀರಿ. ತಂಪಾದ ಮೇಲೆ ವಾಲ್ವ್‌ನಿಂದ ಇನ್ನೊಂದು ಸ್ಯಾಂಪಲ್. ಎರಡನೆಯದರಲ್ಲಿ ಮಾತ್ರ ಬಂದರೆ ಹೊರಗಿಂದ ಸೇರಿದ್ದು. ನೊರೆಯನ್ನೂ ಗಮನಿಸ್ರಿ: ಹಾಲು 63 ಇದ್ದರೂ ನೊರೆ ಅಷ್ಟು ಕಾಯಲ್ಲ, ಮುಚ್ಚಳದ ಕೆಳಗಿನ ಗಾಳಿ 66ರಷ್ಟಾದರೂ ಇರಬೇಕು.

ಹುಮನಾಬಾದ್:
ಎರಡರಾಗೂ ಬಂತ್ರಿ. ಮ್ಯಾಲಿನ್ದು 15, ವಾಲ್ವ್‌ದು 18. ಗಾಳಿ 67 ಇತ್ತು.

ಬೀದರ್:
ಹಾಗಿದ್ದರೆ ತಳಿಯನ್ನೇ ಪರೀಕ್ಷಿಸಬೇಕು ಸರ್. ಆದರೆ ಏಪ್ರಿಲ್ ಅಂದಿರಲ್ಲ, ಅಲ್ಲೊಂದು ಮೋಸ ಇದೆ. ಬಿಸಿಲಲ್ಲಿ ಕ್ಯಾನಿನ ಹಾಲು 42 ಡಿಗ್ರಿ ಮುಟ್ಟಿದರೆ ಯಾವ ಇ. ಕೋಲೈ ಆದರೂ ಸಿಗ್ಮಾ-32 (ಶಾಖ ತಾಗಿದಾಗ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್) ಮೂಲಕ ಶಾಖಾಘಾತ ಪ್ರೋಟೀನ್ ತಯಾರಿಸಿಕೊಂಡು ಸ್ವಲ್ಪ ಗಟ್ಟಿಯಾಗುತ್ತದೆ. ಅದು ತಾತ್ಕಾಲಿಕ. ಎಲ್‌ಎಚ್‌ಆರ್ ಎನ್ನುವ ಜೀನ್ ದ್ವೀಪ (ಶಾಖ ತಡೆಯುವ ಜೀನ್‌ಗಳ ಗುಂಪು) ಇದ್ದರೆ ಗುಣ ವಂಶದಲ್ಲೇ ಉಳಿಯುತ್ತದೆ. ಸುಮಾರು 14ರಿಂದ 19 ಸಾವಿರ ಬೇಸ್‌ಜೋಡಿ ಉದ್ದದ ಈ ತುಣುಕು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ಕೆಟ್ಟ ಪ್ರೋಟೀನನ್ನು ಬಿಡಿಸುವ, ಕತ್ತರಿಸುವ ಕ್ಲಪ್‌ಕೆ, ಎಫ್‌ಟಿಎಸ್‌ಎಚ್‌ನಂಥ ಜೀನ್‌ಗಳು ಇದರಲ್ಲಿವೆ. ಈ ದ್ವೀಪ ಇರುವ, ಕೆನಡಾದ ಮಾಂಸ ಘಟಕದಲ್ಲಿ ಸಿಕ್ಕ ಎಡಬ್ಲ್ಯೂ1.7 ಎಂಬ ಇ. ಕೋಲೈ ತಳಿಯ ಎಣಿಕೆ 60 ಡಿಗ್ರಿಯಲ್ಲಿ ಹತ್ತನೇ ಒಂದಕ್ಕೆ ಇಳಿಯಲು ಒಂದು ಗಂಟೆಗೂ ಹೆಚ್ಚು ಬೇಕಾಗಿತ್ತು.

ಹಾಗಾಗಿ ಕಾಲನಿಯನ್ನು 37 ಡಿಗ್ರಿಯಲ್ಲಿ ಎರಡು ಸಲ ಮರುಬೆಳೆಸಿರಿ. ಟಿಎಸ್‌ಬಿ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) ದಲ್ಲಿ 18 ತಾಸು ಬೆಳೆಸಿದ ಕಲ್ಚರ್ 100 ಮೈಕ್ರೋಲೀಟರ್, ತೆಳು ಗೋಡೆಯ ಪುಟ್ಟ ಪಿಸಿಆರ್ ಟ್ಯೂಬಿನಲ್ಲಿ, 60 ಡಿಗ್ರಿ, 5 ನಿಮಿಷ, ಕೂಡಲೇ ಐಸ್. ಪಕ್ಕದಲ್ಲೇ ಹೋಲಿಕೆಗೆ ಕೆ-12 (ಲ್ಯಾಬಿನ ಸಾಮಾನ್ಯ ಇ. ಕೋಲೈ ತಳಿ) ಕಂಟ್ರೋಲ್ ಇರಲಿ. ಅದರ ಎಣಿಕೆ ಸಾವಿರಪಟ್ಟಿಗೂ ಹೆಚ್ಚು ಇಳಿದು, ನಿಮ್ಮದು ಹತ್ತುಪಟ್ಟೂ ಇಳಿಯದಿದ್ದರೆ ಅನುಮಾನ ಗಟ್ಟಿ. ಎಣಿಕೆಗೆ ವಿಆರ್‌ಬಿಎ (ಕೋಲಿಫಾರ್ಮ್ ಎಣಿಸುವ ಅಗರ್) ಬೇಡ. ಪೆಟ್ಟು ತಿಂದ ಜೀವಕೋಶ ಅದರ ಪಿತ್ತಲವಣದಲ್ಲಿ ಏಳಲ್ಲ, ಸತ್ತಂತೆ ಕಾಣುತ್ತದೆ. ಪಿತ್ತಲವಣ ಇಲ್ಲದ ಟಿಎಸ್‌ಎ ಅಗರ್ ಬಳಸಿರಿ.

ಕಲಬುರಗಿ, ಲ್ಯಾಬ್:
ವಾಟರ್‌ಬಾತ್‌ನಲ್ಲಿ ಮಾಡಿದರೆ ಟ್ಯೂಬ್ ಪೂರ್ತಿ ಮುಳುಗಲಿ. ಮುಚ್ಚಳಕ್ಕೆ ಸಿಡಿದ ಹನಿ ಕಾಯದೆ ಉಳಿದು ಸುಳ್ಳು ಸಹಿಷ್ಣುತೆ ತೋರಿಸ್ತದೆ.

ಹುಮನಾಬಾದ್:
ಪಿಸಿಆರ್‌ಗೆ (ಜೀನ್ ಅದನೋ ಇಲ್ಲೋ ನೋಡೋ ಪರೀಕ್ಷೆ) ಕ್ಲಪ್‌ಕೆ ಒಂದೇ ಸಾಕಾ?

ಬೀದರ್:
ಸಾಲದು. ಕ್ಲಪ್‌ಕೆ ಈ ದ್ವೀಪವಿಲ್ಲದೆಯೂ ಪ್ಲಾಸ್ಮಿಡ್‌ನಲ್ಲಿ (ಬ್ಯಾಕ್ಟೀರಿಯಾದ ಬಿಡಿ ಡಿಎನ್‌ಎ ಉಂಗುರ) ಇರಬಹುದು. ದ್ವೀಪದ ಆರಂಭ, ನಡು, ಕೊನೆ, ಮೂರು ಕಡೆ ಪ್ರೈಮರ್ (ಜೀನ್ ಗುರುತಿಸುವ ಚಿಕ್ಕ ಡಿಎನ್‌ಎ ತುಣುಕು) ಹಾಕ್ರಿ. ಮೂರೂ ಬಂದರೆ ಮಾತ್ರ ನಂಬಿರಿ. ಡಿಎನ್‌ಎ ಹಾಲಿನಿಂದ ಬೇಡ, ಶುದ್ಧ ಕಾಲನಿಯಿಂದ ತೆಗೀರಿ. ಕೊಬ್ಬು, ಕ್ಯಾಲ್ಸಿಯಂ ಪಿಸಿಆರ್‌ಗೆ ಅಡ್ಡಿ. ಯಂತ್ರ ಇಲ್ಲದಿದ್ದರೆ ಮಹಾಗಾಂವ್ ಕ್ರಾಸ್‌ನ ಡೈರಿ ವಿಜ್ಞಾನ ಕಾಲೇಜಿನಲ್ಲಿ ವಿಚಾರಿಸಿರಿ.

ಪಾಸಿಟಿವ್ ಬಂದರೆ ಕ್ಲೋರಿನ್ ಏರಿಸಿ ಸುಮ್ಮನಿರಬೇಡ್ರಿ, ಈ ದ್ವೀಪ ಕ್ಲೋರಿನ್‌ಗೂ ಸಹಿಷ್ಣುತೆ ಕೊಡುತ್ತದೆ. ಮೊದಲು 1.5% ಕಾಸ್ಟಿಕ್ ಸೋಡಾ, 70ರಿಂದ 75 ಡಿಗ್ರಿ, 20 ನಿಮಿಷ ಓಡಿಸಿ ಒಳಗೆ ಅಂಟಿದ ಬ್ಯಾಕ್ಟೀರಿಯಾ ಪದರ ಕಿತ್ತು ಹಾಕ್ರಿ. ವಾಲ್ವ್ ಬಿಚ್ಚಿ ಗ್ಯಾಸ್ಕೆಟ್ ಬದಲಿಸ್ರಿ. ಆ ಮೇಲೆ ಸ್ಯಾನಿಟೈಸರ್.